ಜಮೆಯಾಗದೆ ಉಳಿದ ಬಾಳುಗಳು: ಡೌನ್ ಸಿಂಡ್ರೋಮ್ ಉಳ್ಳವರ ಚರಿತ್ರೆಯ ಒಂದು ಅವಲೋಕನ

‘ಡೌನ್ ಸಿಂಡ್ರೋಮ್’ ಎಂಬ ಮಾತು ಈಗ ನಮ್ಮಲ್ಲಿ ಹಲವರ ಕಿವಿಗೆ ಬಿದ್ದಿದೆ. ಅಲ್ಪಸ್ವಲ್ಪ ಇಂಗ್ಲಿಷ್ ಬಲ್ಲವರು ‘ಡೌನ್’ ಎಂದರೆ ಕೆಳಗಿನದು, ಕುಗ್ಗಿದುದು ಎಂದು ಅರ್ಥಮಾಡಿಕೊಂಡು, ಬುದ್ಧಿ ಕುಗ್ಗಿದ ಮಕ್ಕಳಿಗೆ ಇಟ್ಟ ಹೆಸರಿದು ಎಂದು ಭಾವಿಸುವುದುಂಟು. ಈ ಭಾವನೆ ಸರಿಯಲ್ಲ. ಡೌನ್ ಎಂಬುದು ಒಬ್ಬ ವೈದ್ಯನ ಮನೆತನದ ಹೆಸರು. ಆತನು ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಟಾರ್‌ಪಾಯಿಂಟ್ ಎಂಬ ಊರಿನ ಒಬ್ಬ ಅಂಗಡಿಕಾರನ ಮಗ. ಅವನ ಹೆಸರು ಈ ಮಕ್ಕಳಿಗೆ ಹೇಗೆ ಬಂದಿತು, ಅದಕ್ಕೆ ಮುಂಚೆ ಲೋಕವು ಅವರನ್ನು ಏನೆಂದು ಕರೆಯುತ್ತಿತ್ತು, ಅವರ ಬಾಳಿಗೆ ಯಾವ ಬೆಲೆ ಕಟ್ಟುತ್ತಿತ್ತು ಎಂಬುದು ನೂರೈವತ್ತು ವರ್ಷಗಳಿಗೂ ಮೀರಿದ ಒಂದು ವೃತ್ತಾಂತ. ಅದರ ಕೆಲವು ಪುಟಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಜಾನ್ ಲ್ಯಾಂಗ್ಡನ್ ಡೌನ್ ಹುಟ್ಟಿದ್ದು 1828ರಲ್ಲಿ. ಎಳೆಯ ಪ್ರಾಯದಲ್ಲಿಯೇ ಶಾಲೆ ಬಿಟ್ಟು ತಂದೆಯ ಅಂಗಡಿಯಲ್ಲಿ ನಿಂತವನು. ಸುಮಾರು ಹದಿನೆಂಟರ ಪ್ರಾಯದಲ್ಲಿ ಒಮ್ಮೆ ಮನೆಯವರೊಡನೆ ವಿಹಾರಕ್ಕೆ ಹೋಗಿದ್ದಾಗ ಬಿರುಮಳೆಗೆ ಸಿಲುಕಿ ಒಂದು ಗುಡಿಸಲಿನಲ್ಲಿ ಆಶ್ರಯ ಪಡೆಯಬೇಕಾಯಿತು. ಅಲ್ಲಿ ಅತಿಥಿಗಳ ಉಪಚಾರಕ್ಕೆ ನಿಂತ ಹುಡುಗಿಯೊಬ್ಬಳು ಬುದ್ಧಿ ಬೆಳೆಯದವಳು. ಇಂಥವಳಿಗಾಗಿ ಮಾಡಬಹುದಾದದ್ದು ಏನೂ ಇಲ್ಲವೇ ಎಂಬ ಪ್ರಶ್ನೆ ಅಂದು ತನ್ನನ್ನು ಹಿಡಿದದ್ದು ಮತ್ತೆ ಬಿಡಲಿಲ್ಲವೆಂದು ಆತನೇ ಮುಂದೆ ಹೇಳಿಕೊಂಡನು. ಔಷಧಶಾಸ್ತ್ರವನ್ನೂ ಆಮೇಲೆ ಲಂಡನ್ನಿನಲ್ಲಿ ವೈದ್ಯವನ್ನೂ ಕಲಿತು, 1858ರಲ್ಲಿ ಸರ್ರೆ ಪ್ರಾಂತದ ಅರ್ಲ್ಸ್‌ವುಡ್ ಆಶ್ರಮದ ಮುಖ್ಯ ವೈದ್ಯನಾದನು. ಹೆಸರು ಗಳಿಸಬಹುದಾಗಿದ್ದ ತರುಣ ವೈದ್ಯನೊಬ್ಬನು ಇಂಥ ಕಡೆಗೆ ಹೋದದ್ದು ಆ ಕಾಲದ ಜನಕ್ಕೆ ವಿಚಿತ್ರವಾಗಿ ಕಂಡಿರಬೇಕು. ಏಕೆಂದರೆ ಅದು ‘ಈಡಿಯಟ್’ಗಳ ಆಶ್ರಮ. ಇಂದು ಬೈಗುಳವಾಗಿರುವ ಈ ಶಬ್ದವು ಅಂದು ವೈದ್ಯರ ಮತ್ತು ನ್ಯಾಯಾಲಯಗಳ ಪಾರಿಭಾಷಿಕ ಪದವಾಗಿತ್ತು. ಆಶ್ರಮದ ಹೆಸರಿನಲ್ಲಿಯೂ ಸೇರಿತ್ತು.

ಡೌನ್ ಅಲ್ಲಿಗೆ ಬಂದ ಮೇಲೆ ಹೊಡೆದು ದಂಡಿಸುವುದು ನಿಂತಿತು. ಊಟ, ನೈರ್ಮಲ್ಯ, ಗಾಳಿ ಬೆಳಕುಗಳು ಸುಧಾರಿಸಿದವು. ಮಕ್ಕಳಿಗೆ ಚಮಚ ಹಿಡಿಯುವುದು, ಗುಂಡಿ ಹಾಕುವುದು, ಹಣ ಎಣಿಸುವುದು, ಕೈಕಸುಬು ಇವುಗಳನ್ನು ಕಲಿಸತೊಡಗಿದರು. ಪತ್ನಿ ಮೇರಿ ಸಂಬಳವಿಲ್ಲದೆ ಈ ಕಾರ್ಯದಲ್ಲಿ ಜೊತೆಗೂಡಿದಳು. ಆಗ ಹೊಸದಾಗಿದ್ದ ಛಾಯಾಚಿತ್ರಣದ ವಿದ್ಯೆಯನ್ನು ಕಲಿತು ಡೌನ್ ಆಶ್ರಮವಾಸಿಗಳ ಚಿತ್ರಗಳನ್ನು ಸ್ವತಃ ತೆಗೆದನು. ಉಳಿದುಬಂದಿರುವ ಆ ಚಿತ್ರಗಳಲ್ಲಿ ಅವರು ಒಳ್ಳೆಯ ಉಡುಪು ಧರಿಸಿ, ಗೌರವಸ್ಥ ಗೃಹಸ್ಥರು ಸ್ಟುಡಿಯೋದಲ್ಲಿ ಕೂಡುವಂತೆ ಕುಳಿತಿದ್ದಾರೆ. ಆ ದಿನಗಳಲ್ಲಿ ಇಂಥವರನ್ನು ಹಾಗೆ ಕೂರಿಸಿ ನೋಡುವ ಕಣ್ಣು ಅಪರೂಪವಾದುದು.

ಇಷ್ಟು ಗುಣವಂತನಾದ ಈ ಮನುಷ್ಯನೇ 1866ರಲ್ಲಿ ಒಂದು ದೊಡ್ಡ ಪ್ರಮಾದಕ್ಕೆ ಕಾರಣನಾದನು. ಆಶ್ರಮದ ಮಕ್ಕಳಲ್ಲಿ ಕೆಲವರು ಒಬ್ಬರನ್ನೊಬ್ಬರು ಎಷ್ಟು ಹೋಲುತ್ತಿದ್ದರೆಂದರೆ, ಒಂದೇ ತಾಯಿಯ ಮಕ್ಕಳಲ್ಲವೆಂದು ನಂಬುವುದು ಕಷ್ಟವೆಂದು ಆತನಿಗೆ ಕಂಡಿತು. ಚಪ್ಪಟೆಯಾದ ಅಗಲ ಮುಖ, ಓರೆಯಾದ ಕಣ್ಣು, ಚಿಕ್ಕ ಮೂಗು ಇವು ಅವರ ಸಮಾನ ಲಕ್ಷಣಗಳು. ಇಂಥ ಲಕ್ಷಣಗಳ ಸಮೂಹಕ್ಕೇ ವೈದ್ಯರು ಸಿಂಡ್ರೋಮ್ ಎನ್ನುವುದು. ಮನುಷ್ಯರನ್ನು ಜನಾಂಗಗಳಾಗಿ ವಿಂಗಡಿಸುವ ಹವ್ಯಾಸ ಯುರೋಪಿನಲ್ಲಿ ಆಗ ಪ್ರಬಲವಾಗಿತ್ತು. ಡೌನ್ ಆ ಜಾಡನ್ನೇ ಹಿಡಿದು, ಈ ಮಕ್ಕಳ ಮುಖ ಮಂಗೋಲ್ ಜನಾಂಗದವರಂತಿದೆ ಎಂದು ಬರೆದುಬಿಟ್ಟನು. ಅಂದಿನಿಂದ ಸುಮಾರು ನೂರು ವರ್ಷಗಳ ಕಾಲ ಅವರಿಗೆ ‘ಮಂಗೋಲ್’, ‘ಮಂಗೋಲಾಯ್ಡ್’ ಎಂಬ ಹೆಸರುಗಳು ಉಳಿದವು. ಒಂದೇ ಮಾತು ಈ ಮಕ್ಕಳಿಗೂ ಅವಮಾನ, ದೂರದ ಒಂದು ರಾಷ್ಟ್ರದ ಜನಕ್ಕೂ ಅವಮಾನ. ಒಂದು ವಿಷಯವನ್ನು ಡೌನ್‌ನ ಪರವಾಗಿ ಹೇಳಬೇಕು. ಬೇರೆ ಬೇರೆ ಜನಾಂಗಗಳು ಬೇರೆ ಬೇರೆ ಜೀವಜಾತಿಗಳೆಂದು ವಾದಿಸುತ್ತಿದ್ದ ವಿದ್ವಾಂಸರೂ ಆಗ ಇದ್ದರು. ಒಂದು ಜನಾಂಗದ ತಾಯ್ತಂದೆಯರಿಗೆ ಇನ್ನೊಂದರ ಮುಖಲಕ್ಷಣವುಳ್ಳ ಮಗು ಹುಟ್ಟಬಹುದಾದರೆ ಮನುಷ್ಯಕುಲವೆಲ್ಲ ಒಂದೇ ಅಲ್ಲವೇ ಎಂದು ಅವರ ವಿರುದ್ಧ ವಾದಿಸುವುದು ಆತನ ಉದ್ದೇಶವಾಗಿತ್ತು. ಉದ್ದೇಶ ಉದಾತ್ತವಾದುದು, ಉಪಪತ್ತಿ ಮಾತ್ರ ಪೊಳ್ಳು. ಆತನ ಮಗ ರೆಜಿನಾಲ್ಡನೇ 1906ರಲ್ಲಿ ಈ ಸಿದ್ಧಾಂತವನ್ನು ಒಪ್ಪಲಾರೆನೆಂದು ಸೂಚಿಸಿದನು.

ಹೆಸರಿನ ಗದ್ದಲದಲ್ಲಿ ಲೋಕವು ಆ ಲೇಖನದ ಇನ್ನೊಂದು ಭಾಗವನ್ನು ಮರೆತುಬಿಟ್ಟಿತು. ಈ ಮಕ್ಕಳಲ್ಲಿ ಅನುಕರಣ ಶಕ್ತಿ ಹೆಚ್ಚು, ಹಾಸ್ಯಪ್ರವೃತ್ತಿ ಸಹಜ, ವಿನೋದವನ್ನು ಥಟ್ಟನೆ ಗ್ರಹಿಸುವ ಸೂಕ್ಷ್ಮತೆ ಇದೆ, ಕಲಿಸಿದರೆ ನಿರೀಕ್ಷೆಗೆ ಮೀರಿ ಕಲಿಯುತ್ತಾರೆ ಎಂಬ ಅರ್ಥದ ಮಾತುಗಳು ಅದರಲ್ಲಿವೆ. ಆತನು ಇದನ್ನು ಕಾಗದದ ಮೇಲೆ ಬಿಟ್ಟವನಲ್ಲ. 1867ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಮಹಾಪ್ರದರ್ಶನದಲ್ಲಿ ಆಶ್ರಮವಾಸಿಗಳ ಕೈಕೆಲಸಗಳನ್ನು ಇಡಿಸಿದನು. ಅದರ ವೆಚ್ಚ ಕೊಡಲು ಆಡಳಿತ ಮಂಡಳಿ ನಿರಾಕರಿಸಿತು. ಮನಸ್ಸು ಮುರಿದು 1868ರಲ್ಲಿ ರಾಜೀನಾಮೆಯಿತ್ತು, ಲಂಡನ್ನಿನ ಹೊರವಲಯದಲ್ಲಿ ನಾರ್ಮನ್ಸ್‌ಫೀಲ್ಡ್ ಎಂಬ ಸ್ವಂತ ಆಶ್ರಮವನ್ನು ತೆರೆದನು. ಅಲ್ಲಿ 1879ರಲ್ಲಿ ಕಟ್ಟಿಸಿದ ನಾಟಕಶಾಲೆ ಇಂದಿಗೂ ನಿಂತಿದೆ. ಚಿತ್ರಿತ ಪರದೆಗಳು, ಬಣ್ಣದ ಫಲಕಗಳು, ವೃತ್ತಿಪರ ರಂಗಮಂದಿರಕ್ಕೆ ಸರಿಸಾಟಿಯಾದ ವೇದಿಕೆ ಎಲ್ಲವೂ ಅದರಲ್ಲಿವೆ. ಸಿಬ್ಬಂದಿಯನ್ನು ಆರಿಸುವಾಗ ಹಾಡು, ವಾದ್ಯ, ಅಭಿನಯ ಬಲ್ಲವರಿಗೆ ಆದ್ಯತೆ ದೊರೆಯುತ್ತಿತ್ತು. ನಗಿಸಬಲ್ಲವರಿಗೆ ನಗಿಸಲು ಒಂದು ವೇದಿಕೆ ಬೇಕೆಂದು ತಿಳಿದ ಯಜಮಾನ ಅವನು.

ಡೌನ್ ತೀರಿಕೊಂಡದ್ದು 1896ರಲ್ಲಿ. ಒಂಬತ್ತು ವರ್ಷಗಳ ಬಳಿಕ, 1905ರಲ್ಲಿ, ಮಗ ರೆಜಿನಾಲ್ಡನಿಗೆ ಒಂದು ಗಂಡುಮಗು ಹುಟ್ಟಿತು. ಅಜ್ಜನ ಹೆಸರನ್ನೇ ಇಟ್ಟು ಜಾನ್ ಎಂದು ಕರೆದರು. ಅಜ್ಜನು ವಿವರಿಸಿದ್ದ ಲಕ್ಷಣಗಳೆಲ್ಲವೂ ಆ ಮಗುವಿನಲ್ಲಿದ್ದವು. ಆ ಮೊಮ್ಮಗನು ನಾರ್ಮನ್ಸ್‌ಫೀಲ್ಡಿನಲ್ಲಿಯೇ ಬೆಳೆದು 1970ರವರೆಗೆ, ಸುಮಾರು 65 ವರ್ಷ, ಬಾಳಿದನು. ಇಂಥ ಮಕ್ಕಳು ಹತ್ತು ಹನ್ನೆರಡು ವರ್ಷ ದಾಟುವುದೇ ಅಪರೂಪವೆಂದು ವೈದ್ಯಲೋಕ ನಂಬಿದ್ದ ಕಾಲ ಅದು. ಆರೈಕೆ ದೊರೆತರೆ ಆಯುಸ್ಸು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಡೌನ್ ಕುಟುಂಬದಲ್ಲಿಯೇ ಸಾಕ್ಷಿಯಿತ್ತು.

ಆ ಮೊಮ್ಮಗನು ಮಧ್ಯವಯಸ್ಸಿಗೆ ಕಾಲಿಡುತ್ತಿದ್ದಾಗ ಜರ್ಮನಿಯಲ್ಲಿ ಬೇರೊಂದು ಬಗೆಯ ಲೆಕ್ಕ ನಡೆಯುತ್ತಿತ್ತು. 1939ರ ಆಗಸ್ಟ್ 18ರಂದು ನಾಟ್ಸಿ ಸರ್ಕಾರವು ಒಂದು ಗುಪ್ತ ಸುತ್ತೋಲೆ ಹೊರಡಿಸಿತು. ಮೂರು ವರ್ಷದೊಳಗಿನ ಮಕ್ಕಳಲ್ಲಿ ಕೆಲವು ನಿರ್ದಿಷ್ಟ ನ್ಯೂನತೆಗಳು ಕಂಡರೆ ವೈದ್ಯರೂ ಸೂಲಗಿತ್ತಿಯರೂ ವರದಿ ಮಾಡತಕ್ಕದ್ದೆಂಬುದು ಅದರ ಆಜ್ಞೆ. ಆ ಪಟ್ಟಿಯಲ್ಲಿ ‘ಮಂಗೋಲಿಸಂ’ ಹೆಸರೂ ಇತ್ತು. ವರದಿಯೊಂದಕ್ಕೆ 2 ಮಾರ್ಕ್ ಸಂಭಾವನೆ. ವರದಿಯಾದ ಮಕ್ಕಳಲ್ಲಿ ಸಾವಿರಾರು ಮಂದಿಯನ್ನು ಆಸ್ಪತ್ರೆಗಳಲ್ಲಿಯೇ ಮದ್ದು ಕೊಟ್ಟೋ ಉಪವಾಸ ಕೆಡವಿಯೋ ಕೊಂದರು. ವಯಸ್ಕರಿಗೆ ವಿಷಾನಿಲದ ಕೋಣೆಗಳಿದ್ದವು. ಯುದ್ಧ ಮುಗಿದ ಮೇಲೆ ಆಸ್ಟ್ರಿಯಾದ ಹಾರ್ಟ್‌ಹೈಮ್ ಕೋಟೆಯಲ್ಲಿ ಅಮೆರಿಕನ್ ಸೇನೆಗೆ ಒಂದು ಕಡತ ದೊರೆಯಿತು. 1941ರ ಆಗಸ್ಟ್‌ವರೆಗೆ ಆರು ಕೇಂದ್ರಗಳಲ್ಲಿ ಕೊಲ್ಲಲ್ಪಟ್ಟ ಮನೋರೋಗಿಗಳು ಮತ್ತು ಅಂಗವಿಕಲರ ಸಂಖ್ಯೆ ಅದರಲ್ಲಿ 70,273 ಎಂದಿದೆ. ಅಷ್ಟಕ್ಕೆ ನಿಂತಿಲ್ಲ. ಇವರೆಲ್ಲ ಇನ್ನು ಹತ್ತು ವರ್ಷ ಬದುಕಿದ್ದರೆ ತಿನ್ನಬಹುದಾಗಿದ್ದ ಆಲೂಗಡ್ಡೆ ಎಷ್ಟು, ರೊಟ್ಟಿ ಎಷ್ಟು, ಮೊಟ್ಟೆ ಎಷ್ಟು ಎಂದು ಬಾಬುವಾರು ಬರೆದು, ಒಟ್ಟು ಉಳಿತಾಯ 88 ಕೋಟಿ ಮಾರ್ಕಿಗೂ ಮೇಲೆ ಎಂದು ಅಡಿಮೊತ್ತ ಹಾಕಿದೆ.

ಐದು ದಶಕಗಳಿಗೂ ಹೆಚ್ಚು ಕಾಲ ರೋಜುಕೀರ್ದಿ ಖಾತೆಪುಸ್ತಕಗಳ ಮುಂದೆ ಕುಳಿತವನಾದ ನಾನು ಈ ಕಡತದ ವಿವರವನ್ನು ಓದಿದಾಗ, ಆ ಗುಮಾಸ್ತನ ಅಕ್ಷರ ಎಷ್ಟು ಅಚ್ಚುಕಟ್ಟಾಗಿದ್ದಿರಬಹುದು ಎಂದು ಯೋಚಿಸಿದೆನು. ಕೂಡಿಸುವುದರಲ್ಲಿ ಅವನು ತಪ್ಪಿಲ್ಲದಿರಬಹುದು. ಜಮೆಯ ಅಂಕಣವನ್ನು ಮಾತ್ರ ತೆರೆದೇ ಇಲ್ಲ. ಖರ್ಚಿನ ಬದಿಯೊಂದನ್ನೇ ಬರೆದು ಬಾಕಿ ತೆಗೆಯುವ ಪುಸ್ತಕವನ್ನು ಯಾವ ಊರಿನ ಪೇಟೆಯಲ್ಲಿಯೂ ಲೆಕ್ಕವೆಂದು ಒಪ್ಪುವುದಿಲ್ಲ.

ಯುದ್ಧಾನಂತರದ ವಿಜ್ಞಾನವು ಇದರ ನಿಜವಾದ ಕಾರಣವನ್ನು ಬೆಳಕಿಗೆ ತಂದಿತು. ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳಿವೆ ಎಂಬುದೇ ಖಚಿತವಾದದ್ದು 1956ರಲ್ಲಿ. 1958ರಲ್ಲಿ ಪ್ಯಾರಿಸ್ಸಿನ ಟ್ರೂಸೋ ಆಸ್ಪತ್ರೆಯಲ್ಲಿ ಮಾರ್ತ್ ಗೋತಿಯೇ ಎಂಬ ವೈದ್ಯೆಯು ಜೀವಕೋಶಗಳನ್ನು ಬೆಳೆಸುವ ಪ್ರಯೋಗಶಾಲೆಯನ್ನು ಅತ್ಯಲ್ಪ ಸಾಧನಗಳಿಂದ ಕಟ್ಟಿಕೊಂಡಳು. ರಕ್ತದ ದ್ರವಕ್ಕೆ ತನ್ನ ರಕ್ತವನ್ನೇ ಬಳಸಿದಳು. ಆ ಕೋಶಗಳಲ್ಲಿ 47 ವರ್ಣತಂತುಗಳು ಕಂಡವು. 21ನೆಯದು ಎರಡಿರಬೇಕಾದಲ್ಲಿ ಮೂರಿದ್ದವು. 1959ರ ಜನವರಿಯಲ್ಲಿ ಇದು ಪ್ರಕಟವಾದಾಗ ಮೊದಲ ಹೆಸರು ಜೆರೋಮ್ ಲೆಜೋನ್‌ನದು, ಗೋತಿಯೇಯದು ಎರಡನೆಯದು. ದೀರ್ಘಕಾಲ ಕೀರ್ತಿಯೆಲ್ಲ ಲೆಜೋನ್‌ನ ಪಾಲಾಯಿತು. 2009ರಲ್ಲಿ ಗೋತಿಯೇ ತನ್ನ ಪಾಲಿನ ಕಥೆಯನ್ನು ಬರೆದಳು. 2014ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ವೈದ್ಯಸಂಶೋಧನಾ ಸಂಸ್ಥೆಯ ನೀತಿ ಸಮಿತಿಯು ಆಕೆಯ ಪಾತ್ರವನ್ನು ಎತ್ತಿಹಿಡಿಯಿತು. ಈ ಚರಿತ್ರೆಯಲ್ಲಿ ಜಮೆ ತಪ್ಪಿದ್ದು ಮಕ್ಕಳಿಗೆ ಮಾತ್ರವಲ್ಲವೆನ್ನಲು ಇದನ್ನು ಹೇಳಿದೆನು.

ಜನಾಂಗಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಸಿದ್ಧವಾದ ಮೇಲೆ ಹಳೆಯ ಹೆಸರು ನಿಲ್ಲಲಾರದೆ ಹೋಯಿತು. 1961ರಲ್ಲಿ ಲಯನೆಲ್ ಪೆನ್‌ರೋಸ್, ಲೆಜೋನ್ ಮೊದಲಾದ ವಿಜ್ಞಾನಿಗಳು ‘ಲ್ಯಾನ್ಸೆಟ್’ ಎಂಬ ವೈದ್ಯಪತ್ರಿಕೆಗೆ ಪತ್ರ ಬರೆದು ಬೇರೆ ಹೆಸರನ್ನು ಬಳಸಬೇಕೆಂದು ಕೋರಿದರು. ಸಹಿ ಹಾಕಿದವರಲ್ಲಿ ಡೌನ್‌ನ ವಂಶದ ವೈದ್ಯನೊಬ್ಬನೂ ಇದ್ದನು. ಸೂಚಿತವಾದ ಹೆಸರುಗಳಲ್ಲಿ ಸಂಪಾದಕನು ಡೌನ್‌ನ ಹೆಸರನ್ನು ಆರಿಸಿದನು. 1965ರಲ್ಲಿ ಮಂಗೋಲಿಯಾ ದೇಶದ ಪ್ರತಿನಿಧಿಗಳ ಕೋರಿಕೆಯ ಮೇರೆಗೆ ವಿಶ್ವ ಆರೋಗ್ಯ ಸಂಸ್ಥೆಯೂ ಹಳೆಯ ಹೆಸರನ್ನು ಕೈಬಿಟ್ಟಿತು. ನಮ್ಮ ಮನೆಗಳಲ್ಲಿ ಸಲೀಸಾಗಿ ಬಳಕೆಯಾಗುವ ಪೆದ್ದ, ಮಂಕ, ಮಂದಮತಿ ಎಂಬ ಮಾತುಗಳನ್ನು ಕೈಬಿಡಿಸಲು ಯಾವ ದೇಶದ ಪ್ರತಿನಿಧಿಗಳು ಬರಬೇಕೋ ತಿಳಿಯದು.

ಹೆಸರು ಬದಲಾದಷ್ಟು ಬೇಗ ಅಭಿಪ್ರಾಯ ಬದಲಾಗಲಿಲ್ಲ. ಡೌನ್ ಸಿಂಡ್ರೋಮ್ ಉಳ್ಳ ಶಿಶುಗಳಲ್ಲಿ ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುತ್ತದೆ. ಇತರ ಮಕ್ಕಳಿಗೆ ಇಂಥ ದೋಷವಿದ್ದಾಗ ನಡೆಯುತ್ತಿದ್ದ ಶಸ್ತ್ರಚಿಕಿತ್ಸೆಯನ್ನು ಇವರಿಗೆ ಮಾಡಿ ಏನು ಪ್ರಯೋಜನವೆಂದು ಹಲವು ಕಡೆ ವೈದ್ಯರು ಕೈಬಿಡುತ್ತಿದ್ದರು. 1982ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಹುಟ್ಟಿದ ಒಂದು ಶಿಶುವಿಗೆ ಅನ್ನನಾಳ ಕೂಡಿರಲಿಲ್ಲ. ಅದು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದಾದ ದೋಷ. ಆದರೆ ಮಗುವಿಗೆ ಡೌನ್ ಸಿಂಡ್ರೋಮ್ ಇತ್ತು. ತಾಯ್ತಂದೆಯರು ಒಪ್ಪಲಿಲ್ಲ, ನ್ಯಾಯಾಲಯ ಮಧ್ಯೆ ಬರಲಿಲ್ಲ. ಆರು ದಿನ ಬದುಕಿ ಮಗು ತೀರಿಕೊಂಡಿತು. ಆ ತಾಯ್ತಂದೆಯರನ್ನು ದೂಷಿಸುವುದಕ್ಕಿಂತ, ಅವರ ಕಿವಿಗೆ ಆ ಹೊತ್ತಿನಲ್ಲಿ ಯಾರು ಏನು ಹೇಳಿದ್ದರೆಂದು ಕೇಳುವುದು ಹೆಚ್ಚು ನ್ಯಾಯವೆಂದು ನನ್ನ ಅಭಿಪ್ರಾಯ. ಈ ಪ್ರಕರಣದಿಂದ ಎದ್ದ ಕೋಲಾಹಲದ ಫಲವಾಗಿ 1984ರಲ್ಲಿ ಅಲ್ಲಿ ಇಂಥ ಶಿಶುಗಳ ಚಿಕಿತ್ಸೆಗೆ ಸಂಬಂಧಿಸಿದ ಶಾಸನ ಬಂದಿತು. ಅಮೆರಿಕದಲ್ಲಿ 1983ರ ಸುಮಾರಿಗೆ ಇವರ ಸರಾಸರಿ ಆಯುಸ್ಸು 25 ವರ್ಷವಿತ್ತು. ಇಂದು ಅದು 60ರ ಸಮೀಪದಲ್ಲಿದೆ. ಈ ನಲವತ್ತು ವರ್ಷಗಳಲ್ಲಿ 21ನೆಯ ವರ್ಣತಂತುವಿನಲ್ಲಿ ಯಾವ ಬದಲಾವಣೆಯೂ ಆಗಿಲ್ಲ. ಹೃದಯದ ಚಿಕಿತ್ಸೆ ದೊರೆಯಿತು, ಆಶ್ರಮದ ಕೊಠಡಿಯ ಬದಲು ಮನೆ ದೊರೆಯಿತು, ಅಷ್ಟೇ.

ಇನ್ನು ಜಮೆಯ ಬದಿಯನ್ನು ನೋಡೋಣ. 1947ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ನೈಜೆಲ್ ಹಂಟ್ ಎಂಬ ಬಾಲಕನ ತಂದೆ ಶಾಲೆಯ ಮುಖ್ಯೋಪಾಧ್ಯಾಯ. ಎಷ್ಟು ಪ್ರೀತಿಸಿದರೂ ಎಷ್ಟು ಕಲಿಸಿದರೂ ವ್ಯರ್ಥವೆಂದು ತಜ್ಞರು ಹೇಳಿದ್ದರು. ತಾಯಿ ಆ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಅಕ್ಷರಗಳ ಧ್ವನಿಗಳನ್ನು ಆಟದಂತೆ ಕಲಿಸಿ ಓದಲು ಕಲಿಸಿದಳು. ಹುಡುಗನು ಬೆಳೆದು ಟೈಪ್‌ರೈಟರಿನ ಮುಂದೆ ಕುಳಿತು ತನ್ನ ಪ್ರವಾಸಗಳನ್ನೂ ತನಗೆ ಇಷ್ಟವಾದ ಸಂಗೀತವನ್ನೂ ಕಂಡ ಜನರನ್ನೂ ಕುರಿತು ತಾನೇ ಒಂದು ಪುಸ್ತಕ ಬರೆದನು. 1967ರಲ್ಲಿ ಅದು ಪ್ರಕಟವಾಯಿತು. ಡೌನ್ ಸಿಂಡ್ರೋಮ್ ಉಳ್ಳವನೊಬ್ಬನು ಬರೆದು ಪ್ರಕಟವಾದ ಮೊದಲ ಆತ್ಮಕಥನವೆಂದು ಅದಕ್ಕೆ ಮನ್ನಣೆಯಿದೆ. ಮುನ್ನುಡಿ ಬರೆದವನು ಮೇಲೆ ಹೇಳಿದ ಪೆನ್‌ರೋಸ್. ಹೀಗಿದ್ದೂ ಪುಸ್ತಕದ ಉಪಶೀರ್ಷಿಕೆಯಲ್ಲಿ ಹಳೆಯ ಹೆಸರೇ ಉಳಿದಿದ್ದುದನ್ನು ನೋಡಿದರೆ, ರೂಢಿಯು ವಿದ್ವಾಂಸರ ಸಹಿಗಳಿಗಿಂತ ಬಲವಾದುದೆಂದು ತೋರುತ್ತದೆ.

ಜೂಡಿತ್ ಸ್ಕಾಟ್‌ಳ ವೃತ್ತಾಂತ ಇನ್ನೂ ಆಳವಾದುದು. ಅಮೆರಿಕದ ಒಹಾಯೊ ರಾಜ್ಯದಲ್ಲಿ 1943ರಲ್ಲಿ ಅವಳಿ ಹೆಣ್ಣುಮಕ್ಕಳು ಹುಟ್ಟಿದರು. ಜಾಯ್ಸ್‌ಗೆ 46 ವರ್ಣತಂತುಗಳು, ಜೂಡಿತ್‌ಗೆ 47. ಶೈಶವದಲ್ಲಿ ಬಂದ ಜ್ವರದಿಂದ ಜೂಡಿತ್‌ಳ ಶ್ರವಣಶಕ್ತಿ ಹೋಗಿತ್ತು. ಅದನ್ನು ಯಾರೂ ಗುರುತಿಸಲಿಲ್ಲ. ಒಂದೇ ಹಾಸಿಗೆಯಲ್ಲಿ ಮಲಗಿ, ಒಂದೇ ಅಂಗಳದಲ್ಲಿ ಆಡಿ ಇಬ್ಬರೂ ಏಳು ವರ್ಷ ಕಳೆದರು. ಜೂಡಿತ್‌ಳ ಪರೀಕ್ಷೆ ಮಾಡಿದವರು ಮಾತಿನ ಪ್ರಶ್ನೆಗಳನ್ನು ಕೇಳಿ, ಕಿವುಡಿಯಾದವಳಿಂದ ಉತ್ತರ ಬಾರದಿರಲು, ಕಲಿಸಲು ಬಾರದವಳೆಂದು ತೀರ್ಮಾನಿಸಿದರು. 1950ರ ಅಕ್ಟೋಬರಿನ ಒಂದು ಬೆಳಗ್ಗೆ ಜಾಯ್ಸ್ ಎಚ್ಚೆತ್ತಾಗ ಪಕ್ಕದಲ್ಲಿ ತಂಗಿಯಿರಲಿಲ್ಲ. ಸರ್ಕಾರಿ ಸಂಸ್ಥೆಗೆ ಸೇರಿಸಿಬಿಟ್ಟಿದ್ದರು. ಅಲ್ಲಿ ಒಮ್ಮೆ ಬಣ್ಣದ ಕಡ್ಡಿ ಹಿಡಿದಾಗ, ಚಿತ್ರ ಬರೆಯುವಷ್ಟು ಬುದ್ಧಿ ಇವಳಿಗಿಲ್ಲವೆಂದು ಅದನ್ನು ಕಸಿದುಕೊಂಡರಂತೆ. ಹೀಗೆ 35 ವರ್ಷಗಳು ಸಂದವು.

ನಲವತ್ತು ದಾಟಿದ ಜಾಯ್ಸ್ ಹಟ ಹಿಡಿದು, ತಂಗಿಯ ಪೋಷಕತ್ವವನ್ನು ಕಾನೂನುರೀತ್ಯಾ ಪಡೆದು, 1986ರಲ್ಲಿ ಆಕೆಯನ್ನು ತಾನಿದ್ದ ಕ್ಯಾಲಿಫೋರ್ನಿಯಾಕ್ಕೆ ಕರೆತಂದಳು. ಮರುವರ್ಷ ಓಕ್ಲೆಂಡ್ ನಗರದ ‘ಕ್ರಿಯೇಟಿವ್ ಗ್ರೋತ್’ ಎಂಬ ಕಲಾಕೇಂದ್ರಕ್ಕೆ ಸೇರಿಸಿದಳು. ವಿಕಲಚೇತನರು ತಮಗೆ ತೋರಿದ ರೀತಿಯಲ್ಲಿ ಕಲೆಯಲ್ಲಿ ತೊಡಗಲೆಂದು 1974ರಲ್ಲಿ ಆರಂಭವಾದ ಕೇಂದ್ರವದು. ಸುಮಾರು ಎರಡು ವರ್ಷಗಳವರೆಗೆ ಜೂಡಿತ್‌ಗೆ ಯಾವುದರಲ್ಲಿಯೂ ಮನಸ್ಸು ನಿಲ್ಲಲಿಲ್ಲ. ಯಾರೂ ಅವಳನ್ನು ಹೊರಗೆ ಕಳುಹಿಸಲಿಲ್ಲವೆಂಬುದನ್ನು ಗಮನಿಸಬೇಕು. ಒಂದು ದಿನ ನೂಲುಕಲೆಯ ತರಗತಿಯಲ್ಲಿ ಕುಳಿತು, ಹೇಳಿಕೊಟ್ಟದ್ದನ್ನು ಬಿಟ್ಟು, ಕಡ್ಡಿಗಳನ್ನು ಕಟ್ಟಿ ಅವುಗಳ ಸುತ್ತ ಬಣ್ಣಬಣ್ಣದ ನೂಲು ಸುತ್ತತೊಡಗಿದಳು. ಆಮೇಲೆ ನಿಲ್ಲಿಸಲಿಲ್ಲ. ಕೈಗೆ ಸಿಕ್ಕಿದ ವಸ್ತುಗಳನ್ನೆಲ್ಲ ನೂಲಿನ ಒಳಗಡೆ ಅಡಗಿಸಿ, ವಾರಗಟ್ಟಲೆ ತಿಂಗಳುಗಟ್ಟಲೆ ಸುತ್ತಿ, ಗೂಡಿನಂತೆಯೂ ಕೋಶದಂತೆಯೂ ತೋರುವ ವಿಚಿತ್ರ ಸುಂದರ ಆಕೃತಿಗಳನ್ನು ಮಾಡಿದಳು. ಮೊದಮೊದಲಿನವುಗಳಲ್ಲಿ ಒಂದು, ಎರಡು ದೇಹಗಳು ಕೂಡಿಕೊಂಡಿರುವಂತೆ ಕಂಡಿತೆಂದೂ, ಅವಳು ಮರೆತಿರಲಿಲ್ಲವೆಂದು ತನಗೆ ತಿಳಿಯಿತೆಂದೂ ಜಾಯ್ಸ್ ಹೇಳಿದ್ದಾಳೆ. ಒಂದು ಕೃತಿ ಮುಗಿಯಿತೆಂದು ನಿರ್ಧರಿಸುವವಳು ಜೂಡಿತ್ ಒಬ್ಬಳೇ. ಮುಗಿದಾಗ ಅದನ್ನು ಪಕ್ಕಕ್ಕೆ ತಳ್ಳಿ ಕೈ ಕೊಡವುತ್ತಿದ್ದಳು. ಅಂಥ ಸುಮಾರು 200 ಕೃತಿಗಳಿವೆ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವೇ ಮೊದಲಾದ ಕಡೆ ಅವು ಸೇರಿವೆ. 2005ರಲ್ಲಿ, ತನ್ನ 61ನೆಯ ವಯಸ್ಸಿನಲ್ಲಿ, ಅಕ್ಕನ ತೋಳುಗಳಲ್ಲಿಯೇ ಪ್ರಾಣಬಿಟ್ಟಳು. 2014ರಲ್ಲಿ ಬ್ರೂಕ್ಲಿನ್ ಮ್ಯೂಸಿಯಮ್ಮಿನಲ್ಲಿ ಆಕೆಯ ಕಲೆಯ ಸಮಗ್ರ ಪ್ರದರ್ಶನ ಏರ್ಪಟ್ಟಿತು.

ಸ್ಪೇನಿನ ಮಾಲಗ ನಗರದಲ್ಲಿ 1974ರಲ್ಲಿ ಹುಟ್ಟಿದ ಪಾಬ್ಲೊ ಪಿನೆಡ ಡೌನ್ ಸಿಂಡ್ರೋಮ್ ಉಳ್ಳವರಲ್ಲಿ ಯುರೋಪಿನಲ್ಲಿಯೇ ಮೊದಲು ವಿಶ್ವವಿದ್ಯಾನಿಲಯದ ಪದವಿ ಪಡೆದವರು. 2009ರ ಒಂದು ಚಲನಚಿತ್ರದ ಅಭಿನಯಕ್ಕಾಗಿ ಸಾನ್ ಸೆಬಾಸ್ಟಿಯನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿಯನ್ನೂ ಗಳಿಸಿದರು. 2020ರ ನವೆಂಬರ್ 7ರಂದು ಅಮೆರಿಕದ 21 ವರ್ಷದ ಯುವಕ ಕ್ರಿಸ್ ನಿಕಿಕ್ 3.8 ಕಿಲೋಮೀಟರ್ ಈಜಿ, 180 ಕಿಲೋಮೀಟರ್ ಸೈಕಲ್ ತುಳಿದು, 42 ಕಿಲೋಮೀಟರ್ ಓಡಿ, ‘ಐರನ್‌ಮ್ಯಾನ್’ ಸ್ಪರ್ಧೆಯನ್ನು 17 ಗಂಟೆಗಳ ಗಡುವಿಗೆ ಹದಿಮೂರು ಚಿಲ್ಲರೆ ನಿಮಿಷ ಮೊದಲೇ ಪೂರೈಸಿದನು.

ಇಂಥ ಹೆಸರುಗಳನ್ನು ಹೇಳುವಾಗ ನನಗೆ ಒಂದು ಅಳುಕು ಇದೆ. ಪದವಿ ಪಡೆದವನನ್ನೂ ಓಟ ಗೆದ್ದವನನ್ನೂ ಮಾತ್ರ ಕೊಂಡಾಡಿದರೆ ನಾವೂ ಇನ್ನೊಂದು ತಕ್ಕಡಿಯನ್ನೇ ಹಿಡಿದಂತಾದೀತು. ಡೌನ್ ಸಿಂಡ್ರೋಮ್ ಉಳ್ಳವರಲ್ಲಿ ಬಹುಮಂದಿ, ನಮ್ಮ ನಿಮ್ಮಂತೆಯೇ, ಯಾವ ಪತ್ರಿಕೆಗೂ ಸುದ್ದಿಯಾಗದೆ ಬಾಳುತ್ತಾರೆ. ಕೆಲವರಿಗೆ ಮಾತು ತಡವಾಗಿ ಬರುತ್ತದೆ, ಕೆಲವರಿಗೆ ಸ್ಪಷ್ಟವಾಗಿ ಬರುವುದೇ ಇಲ್ಲ. ಎಲ್ಲರೂ ಸದಾ ನಗುಮೊಗದವರೆಂಬುದೂ ಒಂದು ಕಟ್ಟುಕಥೆ. ಕೋಪ, ಬೇಸರ, ಹಟ, ಪ್ರೇಮ ಎಲ್ಲವೂ ಅವರಿಗೆ ಉಂಟು. ಅವರಲ್ಲಿ ವಯಸ್ಸಾದವರಿಗೆ ಮರೆವಿನ ಕಾಯಿಲೆಯಾದ ಆಲ್ಜೈಮರ್ ಬಹುಬೇಗ ತಗಲುತ್ತದೆ. 1984ರಲ್ಲಿ ಗ್ಲೆನರ್ ಮತ್ತು ವಾಂಗ್ ಎಂಬ ಸಂಶೋಧಕರು, ಆ ರೋಗಿಗಳ ಮಿದುಳಿನಲ್ಲಿ ಕಾಣುವ ಪ್ರೋಟೀನು ಡೌನ್ ಸಿಂಡ್ರೋಮ್ ಉಳ್ಳವರ ಮಿದುಳಿನಲ್ಲಿಯೂ ಇರುವುದನ್ನು ತೋರಿಸಿ, ಅದರ ಮೂಲ 21ನೆಯ ವರ್ಣತಂತುವಿನಲ್ಲಿರಬೇಕೆಂದು ಊಹಿಸಿದರು. 1987ರಲ್ಲಿ ಅದು ಅಲ್ಲಿಯೇ ದೊರೆಯಿತು. ಇಂದು ನಮ್ಮ ಮನೆಗಳ ಹಿರಿಯರ ಮರೆವಿಗೆ ಮದ್ದು ಹುಡುಕುತ್ತಿರುವವರು ನಡೆಯುತ್ತಿರುವ ದಾರಿಗಳಲ್ಲಿ ಒಂದು ಈ ಜನರ ದೇಹದಿಂದ ತೆರೆದದ್ದು. ಹಾರ್ಟ್‌ಹೈಮಿನ ಗುಮಾಸ್ತನಿಗೆ ಇದನ್ನು ಬರೆಯಲು ಅಂಕಣವಿರಲಿಲ್ಲ.

ನಮ್ಮ ದೇಶದಲ್ಲಿ ಬೌದ್ಧಿಕ ನ್ಯೂನತೆ ಮೊದಲಾದವುಗಳುಳ್ಳವರ ಹಿತಕ್ಕಾಗಿ, ತಾಯ್ತಂದೆಯರ ನಂತರ ಇವರ ಪೋಷಕರು ಯಾರೆಂಬ ಪ್ರಶ್ನೆಗೆ ಉತ್ತರ ಕೊಡಲೆಂದು, 1999ರಲ್ಲಿ ರಾಷ್ಟ್ರೀಯ ನ್ಯಾಸದ ಕಾಯಿದೆ ಬಂದಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಅನುಕಂಪದ ಭಾಷೆಯನ್ನು ಬಿಟ್ಟು ಹಕ್ಕಿನ ಭಾಷೆಯನ್ನು ಹಿಡಿದಿದೆ; ಶಾಲೆಯಲ್ಲಿ ಇತರ ಮಕ್ಕಳೊಡನೆ ಕುಳಿತು ಕಲಿಯುವುದೂ ಆ ಹಕ್ಕುಗಳಲ್ಲಿ ಸೇರಿದೆ. 21ನೆಯ ವರ್ಣತಂತು ಮೂರಿರುವುದರ ಸಂಕೇತವಾಗಿ ಮೂರನೆಯ ತಿಂಗಳಿನ 21ನೆಯ ದಿನವನ್ನು ವಿಶ್ವಸಂಸ್ಥೆಯು 2012ರಿಂದ ವಿಶ್ವ ಡೌನ್ ಸಿಂಡ್ರೋಮ್ ದಿನವಾಗಿ ಆಚರಿಸುತ್ತಿದೆ.

ನಾರ್ಮನ್ಸ್‌ಫೀಲ್ಡ್ ಆಸ್ಪತ್ರೆಯನ್ನು 1997ರಲ್ಲಿ ಮುಚ್ಚಿದರು. ಡೌನ್ ಕಟ್ಟಿಸಿದ ಕಟ್ಟಡದಲ್ಲಿ ಈಗ ಡೌನ್ ಸಿಂಡ್ರೋಮ್ ಉಳ್ಳವರ ಹಿತಕ್ಕಾಗಿ ದುಡಿಯುವ ಬ್ರಿಟನ್ನಿನ ಸಂಘದ ಕಚೇರಿಯೂ, ಒಂದು ಸಂಗ್ರಹಾಲಯವೂ ಇವೆ. ನಾಟಕಶಾಲೆಯನ್ನು ಜೀರ್ಣೋದ್ಧಾರ ಮಾಡಿದ್ದಾರೆ. ಅದರ ಹಳೆಯ ಚಿತ್ರಿತ ಪರದೆಗಳು ಉಳಿದುಬಂದಿವೆ. ವೇದಿಕೆಯ ಮೇಲೆ ಈಗಲೂ ಪ್ರದರ್ಶನಗಳು ನಡೆಯುತ್ತಿವೆ.